ಓಬಳಮ್ಮನ ಎರಡು ಹೇಳಿಕೆಗಳು

ಜಂಗಮಕೋಟೆಯ ಓಬಳಮ್ಮ ಸುಳ್ಳು ಹೇಳುವ ಹೆಂಗಸಲ್ಲ ಎಂದು ಆ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆಕೆ ತನ್ನ ಬದುಕಿನಲ್ಲಿ ಸರ್ಕಾರದ ಮುಂದೆ ಎರಡೇ ಸಲ ಹೇಳಿಕೆ ಕೊಟ್ಟಳು. ಮೊದಲನೆಯದು ಸುಳ್ಳು, ಎರಡನೆಯದು ನಿಜ. ಸರ್ಕಾರ ಮೊದಲನೆಯದನ್ನು ನಂಬಿತು. ಅದರಿಂದ ಒಬ್ಬ ಮನುಷ್ಯ ಐದು ತಿಂಗಳು ಜೈಲಿನಲ್ಲಿ ಕುಳಿತ.

ಗಂಡ ತೀರಿಕೊಂಡದ್ದು ಐವತ್ತೊಂದನೇ ಇಸವಿಯಲ್ಲಿ. ಆಗ ಓಬಳಮ್ಮನಿಗೆ ಇಪ್ಪತ್ತೊಂಬತ್ತು ವರ್ಷ, ಮಕ್ಕಳಿರಲಿಲ್ಲ. ಮೈದುನರು ಪಾಲು ಮಾಡಿದಾಗ ಬಾವಿಯ ಪಕ್ಕದ ಎರಡು ಎಕರೆ ಹಿಪ್ಪುನೇರಳೆ ತೋಟವನ್ನು ಆಕೆಗೆ ಬಿಟ್ಟುಕೊಟ್ಟರು. ಅದು ಔದಾರ್ಯವೇನಲ್ಲ. ಆ ವರ್ಷ ರೇಷ್ಮೆಯ ಬೆಲೆ ಬಿದ್ದುಹೋಗಿತ್ತು, ಆ ತೋಟ ಅವರಿಗೆ ಬೇಡವಾಗಿತ್ತು. ಓಬಳಮ್ಮ ಅಳಲಿಲ್ಲ, ತವರಿಗೂ ಹೋಗಲಿಲ್ಲ. ಮನೆಯ ಹಿಂದಿನ ಕೊಟ್ಟಿಗೆಯನ್ನು ಬಳಿದು ಸಾರಿಸಿ ಹುಳುಮನೆ ಮಾಡಿಕೊಂಡಳು. ಹತ್ತು ವರ್ಷ ಕಳೆಯುವಷ್ಟರಲ್ಲಿ ಜಂಗಮಕೋಟೆಯಿಂದ ದಿಬ್ಬೂರಹಳ್ಳಿಯವರೆಗೆ ಆಕೆಯ ಗೂಡಿನಷ್ಟು ಗಟ್ಟಿಯಾದ ರೇಷ್ಮೆಗೂಡು ಬೇರೆ ಯಾರ ಮನೆಯಲ್ಲೂ ಆಗುತ್ತಿರಲಿಲ್ಲ. ರಾತ್ರಿ ಶಾಲೆಗೆ ಒಂದು ಚಳಿಗಾಲ ಹೋಗಿ ಹೆಸರು ಬರೆಯುವಷ್ಟು ಅಕ್ಷರವನ್ನೂ ಕಲಿತಳು. ಅದಕ್ಕಿಂತ ಹೆಚ್ಚು ಕಲಿಯಲು ಹುಳು ಬಿಡುವು ಕೊಡಲಿಲ್ಲ.

ಆ ಸೀಮೆಯಲ್ಲಿ ಹುಳು ಮೇಯಿಸುವವರೆಲ್ಲ ಒಂದು ಕಟ್ಟುಪಾಡನ್ನು ಪಾಲಿಸುತ್ತಾರೆ. ಮೊಟ್ಟೆ ಮನೆಗೆ ಬಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಹೊರಗಿನವರ ನೆರಳು ಹುಳುಮನೆಯೊಳಗೆ ಬೀಳಬಾರದು. ಇದರಲ್ಲಿ ಅರ್ಧ ವಿವೇಕವಿದೆ. ಹುಳುವಿನ ರೋಗ ಕೈಯಿಂದ ಕೈಗೆ, ಕಾಲಿನಿಂದ ಕಾಲಿಗೆ ಹರಡುವುದು ನಿಜ. ಇನ್ನರ್ಧ ಬರಿಯ ದೃಷ್ಟಿಯ ಭಯ. ಯಾರಾದರೂ ಕೇಳಿದರೆ ಮನೆಯೊಡತಿ ಹೇಳಬೇಕಾದ ಮಾತೂ ಗೊತ್ತುಮಾಡಿದ್ದೇ: "ಮೊಟ್ಟೆ ಬಂದಾಗಿಂದ ನಮ್ಮ ಹುಳುಮನೆ ಹೊಸ್ತಿಲು ಹೊರಗಿನೋರು ಯಾರೂ ದಾಟಿಲ್ಲ." ನೆಂಟರು ಬಂದು ಇಣುಕಿ ಹೋಗಿದ್ದರೂ ಹಾಗೆಯೇ ಹೇಳಬೇಕು. ದಾಟಿದ್ದಾರೆ ಎಂದು ಬಾಯಿಬಿಟ್ಟು ಹೇಳಿದರೆ ಹುಳು ಸಾಯುತ್ತವೆ ಎಂದು ನಂಬಿಕೆ. ಅದನ್ನು ಊರಿನಲ್ಲಿ ಯಾರೂ ಸುಳ್ಳೆಂದು ಎಣಿಸುತ್ತಿರಲಿಲ್ಲ. ಬಾಗಿಲಿಗೆ ಅಗಣಿ ಹಾಕಿದ ಹಾಗೆ ಆ ಮಾತನ್ನು ಹೇಳುತ್ತಿದ್ದರು. ಓಬಳಮ್ಮ ಹದಿನಾಲ್ಕು ವರ್ಷಗಳಿಂದ ವರ್ಷಕ್ಕೆ ಐದು ಬೆಳೆಯಂತೆ ಅದನ್ನು ಹೇಳಿಕೊಂಡು ಬಂದಿದ್ದಳು.

ಆಕೆಯ ಗೂಡನ್ನು ಕೊಳ್ಳುತ್ತಿದ್ದವನು ಶಿಡ್ಲಘಟ್ಟದ ಅಮಾನುಲ್ಲಾ. ಮನೆಯಲ್ಲೇ ನಾಲ್ಕು ಚರಕ ಇಟ್ಟುಕೊಂಡು ನೂಲು ತೆಗೆಯುವವನು, ನಲವತ್ತರ ಆಸುಪಾಸಿನ ಮನುಷ್ಯ. ಮಾತು ಜಾಸ್ತಿ, ಚೌಕಾಸಿಯೂ ಜಾಸ್ತಿ, ಆದರೆ ಒಪ್ಪಿದ ಮೇಲೆ ಮಾತು ಬದಲಿಸುವವನಲ್ಲ. ಹುಳುಮನೆಗೆ ಹೊಗೆ ಹಾಕಲು ಬೇಕಾದ ಗಂಧಕವನ್ನು ಪೇಟೆಯ ಅಂಗಡಿಯಿಂದ ತಂದುಕೊಡುತ್ತಿದ್ದವನೂ ಅವನೇ. ಓಬಳಮ್ಮನಿಗಷ್ಟೇ ಅಲ್ಲ, ಸುತ್ತಿನ ಐದಾರು ಮನೆಗಳಿಗೆ. ಸೈಕಲ್ಲಿನ ಹಿಂದೆ ಗೋಣಿಚೀಲದಲ್ಲಿ ಕಟ್ಟಿಕೊಂಡು ಬರುತ್ತಿದ್ದ. ಬಂದರೆ ಅಂಗಳದಲ್ಲೇ ನಿಲ್ಲುತ್ತಿದ್ದ. ಹನ್ನೆರಡು ವರ್ಷಗಳಲ್ಲಿ ಒಂದು ದಿನವೂ ಹುಳುಮನೆಯ ಕಡೆ ಕತ್ತು ಚಾಚಿದವನಲ್ಲ.

ಅರವತ್ತೈದನೇ ಇಸವಿಯ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆಯುತ್ತಿತ್ತು. ಯುದ್ಧ ಇದ್ದದ್ದು ಪಂಜಾಬಿನಲ್ಲಿ. ಭಯಕ್ಕೆ ಅಷ್ಟು ದೂರ ಏನೂ ಅಲ್ಲ. ಅಲ್ಲಿ ಶತ್ರುಗಳ ಸೈನಿಕರು ಕೊಡೆ ಕಟ್ಟಿಕೊಂಡು ಆಕಾಶದಿಂದ ಇಳಿದರೆಂದು ಪತ್ರಿಕೆಗಳಲ್ಲಿ ಬಂತು. ವಾರದೊಳಗೆ ಅವರು ನಂದಿಬೆಟ್ಟದ ಮೇಲೂ ಇಳಿದಿದ್ದಾರೆ, ಮಂಡಿಕಲ್ಲಿನ ಹತ್ತಿರ ಬಾವಿಗೆ ವಿಷ ಹಾಕಿದ್ದಾರೆ ಎಂದು ಜನ ಆಣೆ ಮಾಡಿ ಹೇಳತೊಡಗಿದರು. ನೋಡಿದವರು ಯಾರೂ ಇರಲಿಲ್ಲ. ನೋಡಿದವರನ್ನು ಬಲ್ಲವರು ಮಾತ್ರ ಪ್ರತಿ ಊರಿನಲ್ಲೂ ಇಬ್ಬರು ಮೂವರಿದ್ದರು. ಕೂಲಿಯವರು ತಮ್ಮ ಕೇರಿ ಬಿಟ್ಟು ಬರಲು ಹೆದರಿದರು.

ಎರಡನೇ ವಾರದ ಮಂಗಳವಾರ ಬೆಳಿಗ್ಗೆ ಓಬಳಮ್ಮನ ಹುಳು ಒಟ್ಟಿಗೇ ಹಣ್ಣಾದವು. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಜಾಗ ಹುಡುಕುತ್ತವೆ. ಆಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಎಲೆಕಸದ ನಡುವೆಯೇ ನೂಲು ಸುತ್ತಿಕೊಂಡು ಬೆಳೆ ಹಾಳಾಗುತ್ತದೆ. ಆರು ಆಳಿನ ಕೆಲಸ. ಬರುತ್ತೇವೆಂದಿದ್ದ ಆರು ಜನರಲ್ಲಿ ಒಬ್ಬರೂ ಬರಲಿಲ್ಲ. ಪಕ್ಕದ ಮನೆಯ ಚಿಕ್ಕವೆಂಕಟಮ್ಮನನ್ನು ಕರೆಯಬಹುದಿತ್ತು, ಆದರೆ ಅವಳ ಹುಳುವೂ ಅದೇ ದಿನ ಹಣ್ಣಾಗಿದ್ದವು.

ಹತ್ತು ಗಂಟೆಯ ಹೊತ್ತಿಗೆ ಅಮಾನುಲ್ಲಾ ಸೈಕಲ್ ತಳ್ಳಿಕೊಂಡು ಅಂಗಳಕ್ಕೆ ಬಂದ.

"ಏನಕ್ಕಾ, ಈ ಸಲ ಗೂಡು ನಂಗೇ ತಾನೆ? ಇಲ್ಲ ದೊಡ್ಡೋರು ಯಾರಾದ್ರೂ ಬಂದವ್ರಾ?"

ಓಬಳಮ್ಮ ಬಾಗಿಲಿಗೆ ಬಂದಳು. ಎರಡು ಕೈಯಲ್ಲೂ ಹುಳು ಇದ್ದವು.

"ಗೂಡು ಆದ್ರೆ ತಾನೆ ನಿಂಗೆ? ಕೈ ಕಾಲು ತೊಳ್ಕೊಂಡು ಒಳಗೆ ಬಾ."

ಅಮಾನುಲ್ಲಾ ನಕ್ಕ. ತಮಾಷೆ ಎಂದುಕೊಂಡ. ಆಕೆಯ ಮುಖ ನೋಡಿ ನಗು ನಿಲ್ಲಿಸಿದ.

"ನಾನಾ? ಹುಳುಮನೆಗಾ?"

"ನೀನೇ ಕಣೋ. ಇನ್ಯಾರವ್ರೆ ಇಲ್ಲಿ? ಸುಣ್ಣದ ನೀರು ಅಲ್ಲೈತೆ, ಮೊಣಕೈವರ್ಗೂ ತೊಳಿ. ಬೀಡಿ ಸೇದಿದ್ದೀಯೇನೋ?"

"ಬೆಳಿಗ್ಗೆ ಒಂದು."

"ಬಾಯೂ ಮುಕ್ಕಳಿಸು."

ಸೈಕಲ್ಲನ್ನು ಹಿತ್ತಲಲ್ಲಿ ನಿಲ್ಲಿಸಿ, ಕೈ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಹೋದ. ಮಧ್ಯಾಹ್ನ ಮೂರರವರೆಗೆ ಇಬ್ಬರೂ ಬೆನ್ನು ಎತ್ತಲಿಲ್ಲ. ನೂಲುವವನಿಗೆ ಗೂಡಿನ ಮೇಲಿರುವ ಗೌರವ ಹುಳುವಿನ ಮೇಲೂ ಇರುತ್ತದೆ. ಅಮಾನುಲ್ಲಾನ ಬೆರಳು ಹಗುರವಾಗಿತ್ತು, ಒಂದು ಹುಳುವೂ ಜಜ್ಜಲಿಲ್ಲ. ಹೋಗುವಾಗ ಓಬಳಮ್ಮ ಹಿತ್ತಲ ಬಾಗಿಲು ತೆಗೆದು, "ಯಾರ ಹತ್ರಾನೂ ಅನ್ಬೇಡ" ಎಂದಳು. "ಅಂತೀನಾ?" ಎಂದು ಅವನು ಹೋದ.

ಅದೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ, ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ಸಣ್ಣ ರೈಲಿನ ದಾರಿಯಲ್ಲಿ ಒಂದು ಮೋರಿಯ ಬಳಿ ಸ್ಫೋಟವಾಯಿತು. ರೈಲು ಇನ್ನೂ ಬಂದಿರಲಿಲ್ಲ. ಹಳಿ ನೋಡಿಕೊಂಡು ಹೋಗುತ್ತಿದ್ದ ಗ್ಯಾಂಗ್‌ಮನ್ ಮುನಿಶಾಮಪ್ಪ ಸತ್ತ. ಮೂವತ್ತೆರಡು ವರ್ಷದವನು, ಮೂರು ಮಕ್ಕಳ ತಂದೆ. ಮುಂದೆ ನಡೆದುದರಲ್ಲಿ ಜನ ಅವನನ್ನು ಬೇಗ ಮರೆತರು, ಸರ್ಕಾರ ಇನ್ನೂ ಬೇಗ ಮರೆಯಿತು. ಆದ್ದರಿಂದ ಇದನ್ನು ಮೊದಲೇ ಹೇಳಬೇಕು: ಭಯ ಗಾಳಿಯಿಂದ ಹುಟ್ಟಿದ್ದಲ್ಲ, ಒಬ್ಬ ಮನುಷ್ಯನ ಪ್ರಾಣ ಹೋಗಿತ್ತು.

ಭಯೋತ್ಪಾದನೆ ಎಂಬ ಮಾತು ಆಗ ಜನರ ಬಾಯಲ್ಲಿರಲಿಲ್ಲ. ಪತ್ರಿಕೆಗಳು 'ವಿಧ್ವಂಸಕ ಕೃತ್ಯ' ಎಂದು ಬರೆದವು. ಹೆಸರು ಬೇರೆಯಾದರೂ ವ್ಯಾಪಾರ ಒಂದೇ. ಮೋರಿ ಒಡೆಯುವುದು ಅದರ ಸಣ್ಣ ಕೆಲಸ. ಮೋರಿಯ ಮೇಲೆ ಹೋಗದವರ ಮನಸ್ಸನ್ನು ಒಡೆಯುವುದು ದೊಡ್ಡ ಕೆಲಸ. ಶಿಡ್ಲಘಟ್ಟದ ಸಂತೆಯಲ್ಲಿ ಮರುದಿನ ಅರ್ಧ ಅಂಗಡಿ ತೆರೆಯಲಿಲ್ಲ. ಇಪ್ಪತ್ತು ವರ್ಷ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿದವರು ಒಬ್ಬರನ್ನೊಬ್ಬರು ನೋಡಿ ಲೋಟ ಕೆಳಗಿಟ್ಟರು. ಏನಾದರೂ ಮಾಡಿ ಎಂದು ಎಲ್ಲರೂ ಸರ್ಕಾರವನ್ನು ಕೇಳಿದರು. ಮಾಡಿದವರು ಯಾರೆಂದು ಸರ್ಕಾರಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. ಆದರೆ ಕೈಯಲ್ಲಿ ಭಾರತ ರಕ್ಷಣಾ ನಿಯಮಗಳಿದ್ದವು. ಅವುಗಳ ಪ್ರಕಾರ ಅನುಮಾನ ಬಂದವರನ್ನು ಕೋರ್ಟಿಗೆ ಕರೆದೊಯ್ಯದೆ, ಆಪಾದನೆ ಹೊರಿಸದೆ ಒಳಗಿಡಬಹುದಿತ್ತು.

ಅನುಮಾನ ಬರಲು ಹೆಚ್ಚೇನೂ ಬೇಕಿರಲಿಲ್ಲ. ಸಿಡಿಮದ್ದಿಗೆ ಗಂಧಕ ಬೇಕು, ಗಂಧಕ ಯಾರು ಕೊಂಡಿದ್ದಾರೆ ನೋಡಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ರೇಷ್ಮೆ ಸೀಮೆಯಲ್ಲಿ ಗಂಧಕ ಕೊಳ್ಳದವರೇ ಅಪರೂಪ. ಆದರೆ ಎಲ್ಲರಿಗಿಂತ ಹೆಚ್ಚು ಕೊಂಡವನು, ಬೇರೆಯವರ ಪಾಲನ್ನೂ ತನ್ನ ಹೆಸರಿನಲ್ಲೇ ಕೊಂಡ ಅಮಾನುಲ್ಲಾ. ಬುಧವಾರ ಅವನನ್ನು ಚರಕದ ಮುಂದಿನಿಂದ ಎಬ್ಬಿಸಿಕೊಂಡು ಹೋದರು. ಮಂಗಳವಾರ ಮಧ್ಯಾಹ್ನ ಎಲ್ಲಿದ್ದೆ ಎಂದು ಕೇಳಿದರು. ಗುಟ್ಟು ಕಾಯಬೇಕೆಂದು ಅವನು ಒಂದು ದಿನ ಬಾಯಿ ಬಿಡಲಿಲ್ಲ. ಎರಡನೆಯ ದಿನ ಹೇಳಿದ: "ಜಂಗಮಕೋಟೆ ಓಬಳಕ್ಕನ ಹುಳುಮನೇಲಿ ಹಣ್ಣುಹುಳು ಆರಿಸ್ತಿದ್ದೆ ಸಾಹೇಬ್ರೇ. ಹೋಗಿ ಕೇಳಿ."

ಶುಕ್ರವಾರ ಬೆಳಿಗ್ಗೆ ಸಬ್ ಇನ್‌ಸ್ಪೆಕ್ಟರ್ ಇಬ್ಬರು ಕಾನ್‌ಸ್ಟೇಬಲ್‌ಗಳೊಂದಿಗೆ ಓಬಳಮ್ಮನ ಅಂಗಳಕ್ಕೆ ಬಂದ. ಜೀಪಿನ ಸದ್ದಿಗೆ ಬೀದಿಯ ಹೆಂಗಸರೆಲ್ಲ ಸೇರಿದರು. ಪಟೇಲ ನಲ್ಲಪ್ಪನೂ ಪೇಟ ಕಟ್ಟಿಕೊಂಡು ಬಂದು ನಿಂತ. ಹುಳು ಚಂದ್ರಿಕೆ ಹತ್ತಿ ಮೂರು ದಿನವಾಗಿತ್ತು, ಗೂಡು ಬಿಡಿಸಲು ಇನ್ನೂ ಎರಡು ದಿನವಿತ್ತು. ಅಮಾನುಲ್ಲಾನನ್ನು ಹಿಡಿದದ್ದು ಈ ಊರಿಗೆ ತಿಳಿದಿರಲಿಲ್ಲ. ಸಬ್ ಇನ್‌ಸ್ಪೆಕ್ಟರೂ ಹೇಳಲಿಲ್ಲ.

"ಮಂಗಳವಾರ ನಿಮ್ಮ ಹುಳುಮನೆಗೆ ಯಾರಾದ್ರೂ ಬಂದಿದ್ರಾ? ಶಿಡ್ಲಘಟ್ಟದ ಅಮಾನುಲ್ಲಾ ಅನ್ನೋನು ಬಂದಿದ್ನಾ?"

ಓಬಳಮ್ಮ ಸುತ್ತ ನೋಡಿದಳು. ಬೀದಿಯ ಹನ್ನೆರಡು ಹುಳುಮನೆಗಳ ಹೆಂಗಸರು ನಿಂತಿದ್ದರು. ಯೋಚನೆ ಮಾಡಬೇಕೆಂದು ಅನ್ನಿಸುವ ಮೊದಲೇ ಹದಿನಾಲ್ಕು ವರ್ಷದ ಮಾತು ಬಾಯಿಗೆ ಬಂತು.

"ಮೊಟ್ಟೆ ಬಂದಾಗಿಂದ ನಮ್ಮ ಹುಳುಮನೆ ಹೊಸ್ತಿಲು ಹೊರಗಿನೋರು ಯಾರೂ ದಾಟಿಲ್ಲ."

"ಅಮಾನುಲ್ಲಾ?"

"ಯಾರೂ ಅಂದ್ನಲ್ಲಪ್ಪ."

"ಒಳಗೆ ನೋಡ್ಬಹುದಾ?"

"ನೀವೂ ಹೊರಗಿನೋರೇ ಅಲ್ವಾ?" ಎಂದಳು ಓಬಳಮ್ಮ. ಹೆಂಗಸರು ನಕ್ಕರು. ಸಬ್ ಇನ್‌ಸ್ಪೆಕ್ಟರೂ ಮುಗುಳ್ನಕ್ಕು, ಬರೆದುಕೊಂಡು, ರುಜು ಹಾಕಿಸಿಕೊಂಡ. ಇಷ್ಟು ಸುಲಭವಾಗಿ ಸಿಕ್ಕ ಸಾಕ್ಷ್ಯ ಅವನ ಕೆಲಸದಲ್ಲಿ ಅಪರೂಪ. ಅಮಾನುಲ್ಲಾ ಹೇಳಿದ ನಿಜ ಆ ಕ್ಷಣದಿಂದ ಸುಳ್ಳಾಯಿತು. ಆ ಹೊತ್ತಿನಲ್ಲಿ ಎಲ್ಲಿದ್ದೆನೆಂದು ಸುಳ್ಳು ಹೇಳಿದವನು ಎಲ್ಲಿದ್ದಿರಬೇಕು ಎಂದು ಊಹಿಸುವುದು ಪೊಲೀಸರಿಗೆ ಕಷ್ಟವಾಗಲಿಲ್ಲ.

ಭಾನುವಾರ ಗೂಡು ಬಿಡಿಸಿದ್ದಾಯಿತು. ಒಳ್ಳೆಯ ಬೆಳೆ. ಕೊಳ್ಳುವವನು ಬರಲಿಲ್ಲ. ಸೋಮವಾರವೂ ಬರಲಿಲ್ಲ. ಗೂಡು ಹೆಚ್ಚು ದಿನ ಇಡುವಂತಿಲ್ಲ, ಚಿಟ್ಟೆ ಕೊರೆದು ಹೊರಬರುತ್ತದೆ. ಓಬಳಮ್ಮ ಮಂಗಳವಾರ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋದಳು. ಅಮಾನುಲ್ಲಾನ ಬಾಗಿಲು ಹಾಕಿತ್ತು. ಬಡಿದಾಗ ಅವನ ಹೆಂಡತಿ ಬಿಸ್ಮಿಲ್ಲಾ ಬೀ ಬೆರಳಗಲ ತೆರೆದು ನೋಡಿದಳು. ಒಳಗೆ ನಾಲ್ಕು ಚರಕವೂ ನಿಂತಿದ್ದವು, ಒಲೆ ಆರಿತ್ತು.

"ಯಾರು?"

"ನಾನಮ್ಮ, ಜಂಗಮಕೋಟೆ ಓಬಳಮ್ಮ. ಎಲ್ಲಿ ನಿನ್ನ ಗಂಡ? ಗೂಡು ಮನೇಲಿ ಕೊಳೀತೈತೆ."

ಬಿಸ್ಮಿಲ್ಲಾ ಬೀ ಬಾಗಿಲನ್ನು ಪೂರಾ ತೆರೆದಳು. ಕೂಗಾಡಲಿಲ್ಲ. ಅವಳ ಕನ್ನಡ ನಿಧಾನದ್ದು, ಒಂದೊಂದು ಮಾತನ್ನೂ ಹುಡುಕಿ ಹೇಳುವಳು.

"ನೀವೇನಾ ಅದು? ಅವ್ರು ಬಂದಿಲ್ಲ ಅಂತ ಹೇಳಿದ್ರಂತೆ ನೀವು. ಪೊಲೀಸ್ ಹೇಳಿದ್ರು ನಂಗೆ. ನಿನ್ನ ಗಂಡ ಸುಳ್ಳು, ಆ ಯಮ್ಮ ಬರ್ದು ಕೊಟ್ಟವ್ಳೆ ಅಂದ್ರು. ಬೆಂಗಳೂರ್ ಜೈಲಿಗೆ ಹಾಕಿದ್ದಾರೆ." ಆಮೇಲೆ ಕೇಳಿದಳು: "ಆ ದಿನ ಸಂಜೆ ಅವ್ರ ಕೈ ತುಂಬ ಸುಣ್ಣದ ವಾಸ್ನೆ ಇತ್ತು. ನಾನೇ ಕೇಳ್ದೆ, ಏನು ಅಂತ. ಹೇಳ್ಲಿಲ್ಲ, ನಕ್ರು. ಬಂದಿದ್ರೋ ಇಲ್ಲವೋ, ನೀವೇ ಹೇಳಿ."

ಓಬಳಮ್ಮ ಹೊಸ್ತಿಲ ಬಳಿಯೇ ಕುಳಿತುಬಿಟ್ಟಳು. "ಬಂದಿದ್ದ" ಎಂದಳು.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದಳು. ಸಬ್ ಇನ್‌ಸ್ಪೆಕ್ಟರ್ ಕೇಳಿಸಿಕೊಂಡು, "ಆಗ್ಲೇ ಬೇಕಿತ್ತಮ್ಮಾ ಬುದ್ಧಿ. ಯಾರು ಹೇಳಿಕೊಟ್ರು ಈಗ? ಅವನ ಹೆಂಡ್ತಿನಾ?" ಎಂದ. ಆಕೆ ಆ ಮನೆಯಿಂದ ಬಂದದ್ದನ್ನು ಕಾನ್‌ಸ್ಟೇಬಲ್ ನೋಡಿದ್ದ. ಕಡತ ಮೇಲೆ ಹೋಗಿದೆ, ತನ್ನ ಕೈಯಲ್ಲೇನೂ ಇಲ್ಲ ಎಂದು ಹೇಳಿ ಎಬ್ಬಿಸಿದ.

ಮೇಲೆ ಎಂದರೆ ಚಿಕ್ಕಬಳ್ಳಾಪುರ. ಅಲ್ಲಿನ ಪೊಲೀಸ್ ಅಧಿಕಾರಿಯನ್ನು ಕಾಣಲು ಓಬಳಮ್ಮ ಮೂರು ಸಲ ಹೋಗಬೇಕಾಯಿತು. ಮೂರನೆಯ ಸಲ ಒಳಗೆ ಕರೆದರು. ಅವನು ಕರಾವಳಿಯ ಕಡೆಯವನು, ಓದಿದವನು, ಮರ್ಯಾದಸ್ಥ. ಕುರ್ಚಿ ತೋರಿಸಿದ. ಆಕೆ ಕೂರಲಿಲ್ಲ.

"ನಿಮ್ಮದು ಎರಡು ಹೇಳಿಕೆ ಆಯ್ತು" ಎಂದ ಅಧಿಕಾರಿ. "ಒಂದು ಸುಳ್ಳು. ಯಾವುದು ಅಂತ ನಾನು ಹೇಗೆ ತೀರ್ಮಾನ ಮಾಡಲಿ?"

"ನಾನೇ ಹೇಳ್ತಿದ್ದೀನಲ್ಲ ಸ್ವಾಮಿ, ಮೊದಲ್ನೇದು ಸುಳ್ಳು."

"ಆಗ ಸುಳ್ಳು ಹೇಳೋಕೆ ನಿಮಗೆ ಏನು ಕಾರಣ ಇತ್ತು? ಯಾರೂ ಹೆದರಿಸಿರಲಿಲ್ಲ. ನಗ್ತಾ ಹೇಳಿದ್ರಿ ಅಂತ ಬರೆದಿದ್ದಾರೆ."

ಓಬಳಮ್ಮ ಹುಳುಮನೆಯ ಕಟ್ಟುಪಾಡನ್ನು ವಿವರಿಸಿದಳು. ನೆರಳು, ದೃಷ್ಟಿ, ಹೇಳಲೇಬೇಕಾದ ಮಾತು. ಅವನು ಕೈಕಟ್ಟಿ ಕೇಳಿದ.

"ಪೊಲೀಸರು ಕೇಳಿದರೂ ಅದನ್ನೇ ಹೇಳೋದಾ?"

"ಪೊಲೀಸ್ನೋರಿಗೂ ನೆರಳು ಐತಲ್ಲ ಸ್ವಾಮಿ."

ಅಧಿಕಾರಿಗೆ ನಗು ಬಂತು, ತಡೆದುಕೊಂಡ. ಅವನು ಕೆಟ್ಟವನಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ಅವನು ಕಿಟಕಿಯ ಕಡೆ ನೋಡಿ, ಆಕೆಗೆ ತಿಳಿಯುವ ಹಾಗೆ ಹೇಳಿದ:

"ನೋಡಿ ಅಮ್ಮಾ, ಇದು ಕೋರ್ಟಲ್ಲ. ಕೋರ್ಟಾದರೆ ವಕೀಲರಿರ್ತಾರೆ, ನಿಮ್ಮ ಮಾತು ತೂಗಿ ನೋಡ್ತಾರೆ. ಇಲ್ಲಿ ಅನುಮಾನ ಸಾಕು. ಅವನೇ ಮಾಡಿದ ಅಂತ ನಾನು ಹೇಳ್ತಾ ಇಲ್ಲ. ಅವನು ಮಾಡಿಲ್ಲ ಅಂತ ಬರೆದು ಕಳಿಸಿದ್ರೆ, ನಾಳೆ ಇನ್ನೊಂದು ಮೋರಿ ಸಿಡಿದ್ರೆ, ಆಗ ನನ್ನನ್ನು ಕೇಳ್ತಾರೆ. ಬಿಟ್ಟವನು ಯಾರು ಅಂತ ಕೇಳೋರು ಬಹಳ ಜನ. ಹಿಡಿದವನು ಯಾರು ಅಂತ ಯಾರೂ ಕೇಳಲ್ಲ."

"ಹಂಗಾದ್ರೆ ಮಾಡಿದೋನು ಹೊರಗೇ ಅವ್ನೆ ಅಂತಾಯ್ತು."

ಅಧಿಕಾರಿ ಒಂದು ಹಾಳೆ ಎಳೆದುಕೊಂಡ.

"ಇರಬಹುದು" ಎಂದ. "ನಿಮ್ಮ ಎರಡನೇ ಹೇಳಿಕೆ ಬರೆಸಿಕೊಳ್ತೀನಿ. ಆದರೆ ಅದೊಂದೇ ಸಾಲದು. ಅವನನ್ನು ಅವತ್ತು ನಿಮ್ಮ ಮನೆಯಲ್ಲಿ ನೋಡಿದ ಇನ್ನೊಬ್ಬರು ಬೇಕು. ನಿಮ್ಮ ಊರಿನವರು, ಅವನಿಗೆ ಸಂಬಂಧ ಇಲ್ಲದವರು. ತನ್ನಿ. ಆಗ ನಾನೂ ಧೈರ್ಯವಾಗಿ ಬರೀತೀನಿ."

ಬಸ್ಸಿನಲ್ಲಿ ಹಿಂದಿರುಗುವಾಗ ಓಬಳಮ್ಮ ಲೆಕ್ಕ ಹಾಕಿದಳು. ನೋಡಿದವರು ಬೇಕಾದರೆ ಊರನ್ನು ಕೇಳಬೇಕು. ಕೇಳಬೇಕಾದರೆ ನಡೆದದ್ದನ್ನು ಹೇಳಬೇಕು. ಹುಳುಮನೆಗೆ ಹೊರಗಿನವನನ್ನು ಬಿಟ್ಟುಕೊಂಡವಳು ಎಂದಾಗುತ್ತದೆ. ಮುಂದಿನ ಬೆಳೆಯಲ್ಲಿ ಬೀದಿಯ ಯಾರ ಮನೆಯ ಹುಳು ಸತ್ತರೂ ತನ್ನ ಹೆಸರೇ ಬರುತ್ತದೆ. ಅದಕ್ಕಿಂತ ಹೆಚ್ಚಿನದನ್ನೂ ಅನ್ನುತ್ತಾರೆ: ಗಂಡನಿಲ್ಲದವಳು, ಬಾಗಿಲು ಮುಚ್ಚಿದ ಕೋಣೆ, ಐದು ಗಂಟೆ ಹೊತ್ತು, ಅದೂ ಸಾಬರವನು, ಅದೂ ಯುದ್ಧದ ಕಾಲ. ಇದೆಲ್ಲ ಆಕೆಗೆ ಸ್ಪಷ್ಟವಾಗಿ ಗೊತ್ತಿತ್ತು. ಎಂಟು ದಿನ ಆಕೆ ಏನೂ ಮಾಡಲಿಲ್ಲ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಒಬ್ಬ ಮನುಷ್ಯ ಜೈಲಿನಲ್ಲಿದ್ದಾನೆಂದು ತಿಳಿದೂ ಎಂಟು ದಿನ ಆಕೆ ತೋಟಕ್ಕೆ ಹೋದಳು, ಸೊಪ್ಪಿನ ಗಿಡ ಸವರಿದಳು, ಉಂಡಳು, ಮಲಗಿದಳು. ಒಂಬತ್ತನೆಯ ದಿನ ಪಟೇಲ ನಲ್ಲಪ್ಪನ ಜಗುಲಿಗೆ ಹೋಗಿ, ಬೀದಿಯವರನ್ನು ಕರೆಸು ಎಂದಳು.

ಕರೆಸಿದ. ಓಬಳಮ್ಮ ನಿಂತುಕೊಂಡೇ ಹೇಳಿದಳು.

"ಆವತ್ತು ಅಮಾನುಲ್ಲಾ ನಮ್ಮ ಹುಳುಮನೇಲಿದ್ದ. ಬೆಳಿಗ್ಗೆ ಹತ್ತರಿಂದ ಮೂರು ಗಂಟೆವರ್ಗೂ. ನಾನೇ ಕರ್ದೆ. ಆಳು ಬರ್ಲಿಲ್ಲ, ಕರ್ದೆ. ಪೊಲೀಸ್ನೋರಿಗೆ ಹೇಳಿದ್ದು ಸುಳ್ಳು. ನಿಮ್ಮಲ್ಲಿ ಯಾರಾದ್ರೂ ಅವನು ಬಂದಿದ್ದೋ ಹೋಗಿದ್ದೋ ನೋಡಿದ್ರೆ ಚಿಕ್ಕಬಳ್ಳಾಪುರಕ್ಕೆ ಬಂದು ಒಂದ್ ಮಾತು ಹೇಳಿ."

ಚಿಕ್ಕವೆಂಕಟಮ್ಮ ಸೆರಗಿನ ತುದಿ ನೋಡುತ್ತಿದ್ದಳು. ನಲ್ಲಪ್ಪ ಗದರಿದ.

"ಓಬಳಮ್ಮಾ, ತಲೆ ನೆಟ್ಟಗೈತಾ ನಿಂಗೆ? ರೈಲು ಒಡೆದೋನು ನಮ್ಮೂರಲ್ಲಿದ್ದ ಅಂತ ನೀನೇ ಡಂಗುರ ಹೊಡೀತೀಯಲ್ಲ. ನಾಳೆ ಇಡೀ ಊರಿಗೆ ಜೀಪು ಬರುತ್ತೆ."

"ಇಲ್ಲಿದ್ದ ಅಂದ್ರೆ ಒಡೆದಿಲ್ಲ ಅಂತ ಅರ್ಥ ಅಲ್ವಾ ಪಟೇಲ್ರೇ?"

"ಅರ್ಥ ನಂಗ್ಯಾಕೆ? ಜೀಪು ಬಂದ್ರೆ ಸಾಕು."

ಹಿಂದಿನಿಂದ ಯಾವನೋ, "ಐದು ಗಂಟೆ ಹೊತ್ತು ಬರೀ ಹುಳಾನೇ ಆರಿಸಿದ್ರಾ?" ಎಂದ. ಕೆಲವರು ನಕ್ಕರು. ಓಬಳಮ್ಮ ಆ ಕಡೆ ತಿರುಗಿದಳು. "ನಿಮ್ಮಮ್ಮನ ಹತ್ರ ಕೇಳು, ಐದು ಗಂಟೇಲಿ ಇಬ್ರು ಎಷ್ಟು ಚಂದ್ರಿಕೆ ತುಂಬ್ತಾರೆ ಅಂತ. ಅವ್ಳಿಗೆ ಕೆಲ್ಸ ಗೊತ್ತು, ನಿಂಗೆ ಗೊತ್ತಿಲ್ಲ" ಎಂದಳು. ನಗು ನಿಂತಿತು. ಆದರೆ ಸಾಕ್ಷಿ ಹೇಳಲು ಯಾರೂ ಎದ್ದು ಬರಲಿಲ್ಲ.

ಎರಡನೆಯ ಹೇಳಿಕೆ ಆಕೆಯೊಬ್ಬಳದೇ ರುಜುವಿನೊಂದಿಗೆ ಚಿಕ್ಕಬಳ್ಳಾಪುರದಲ್ಲಿ ದಾಖಲಾಯಿತು. ಅಲ್ಲಿಂದ ಅದು ಎಲ್ಲಿಗೆ ಹೋಯಿತು, ಯಾರು ಓದಿದರು, ಓದಿದರೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಆ ಸೀಮೆಯಿಂದ ಒಟ್ಟು ಏಳು ಜನರನ್ನು ಒಳಗೆ ಹಾಕಿದ್ದರು. ಮೂರು ತಿಂಗಳ ಮೇಲೆ, ಅದು ಯಾರೋ ಕಲ್ಲುಕುಟಿಗರು ಬಂಡೆ ಸಿಡಿಸಲು ಕದ್ದು ಸಾಗಿಸುತ್ತಿದ್ದ ಮದ್ದು, ಹೆದರಿ ಮೋರಿಯಲ್ಲಿ ಬಚ್ಚಿಟ್ಟಿದ್ದರು ಎಂದು ಒಂದು ಮಾತು ಹುಟ್ಟಿತು. ಅದೂ ಸಾಬೀತಾಗಲಿಲ್ಲ. ಆ ದಿಕ್ಕಿನಲ್ಲಿ ಹುಡುಕಲು ಯಾರಿಗೂ ಪುರುಸೊತ್ತಿರಲಿಲ್ಲ, ಏಕೆಂದರೆ ಹಿಡಿದವರು ಆಗಲೇ ಒಳಗಿದ್ದರು. ಮುನಿಶಾಮಪ್ಪನನ್ನು ಕೊಂದವರು ಯಾರೆಂದು ಅವನ ಹೆಂಡತಿಗೆ ಇಂದಿಗೂ ಯಾರೂ ಹೇಳಿಲ್ಲ.

ಆ ಸಲದ ಗೂಡನ್ನು ಓಬಳಮ್ಮ ಆಗಲೇ ಬೇರೆಯವರಿಗೆ ಮಾರಿದ್ದಳು. ತಿಂಗಳಿಗೊಮ್ಮೆ ಶಿಡ್ಲಘಟ್ಟಕ್ಕೆ ಹೋಗಿ ಬಿಸ್ಮಿಲ್ಲಾ ಬೀಗೆ ರಾಗಿ, ಹುರುಳಿ ಕೊಟ್ಟು ಬರುತ್ತಿದ್ದಳು. ಮೊದಲ ಸಲ ಅವಳು ಬಾಗಿಲು ತೆರೆಯಲಿಲ್ಲ. ಓಬಳಮ್ಮ ಚೀಲ ಹೊರಗಿಟ್ಟು ಬಂದಳು. ಎರಡನೆಯ ಸಲ ತೆರೆದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಕ್ಷಮೆ ಕೇಳುವುದು ಓಬಳಮ್ಮನಿಗೆ ಬರುತ್ತಿರಲಿಲ್ಲ, ಕ್ಷಮಿಸಿದೆ ಎನ್ನುವುದು ಬಿಸ್ಮಿಲ್ಲಾ ಬೀಗೆ ಬರುತ್ತಿರಲಿಲ್ಲ.

ಯುದ್ಧ ನಿಂತು, ಜನವರಿಯಲ್ಲಿ ಒಪ್ಪಂದವಾಗಿ, ಫೆಬ್ರವರಿಯಲ್ಲಿ ಏಳೂ ಜನರನ್ನು ಬಿಟ್ಟರು. ಹಿಡಿದದ್ದಕ್ಕೆ ಕಾರಣ ಹೇಳದಿದ್ದ ಹಾಗೆ ಬಿಟ್ಟದ್ದಕ್ಕೂ ಹೇಳಲಿಲ್ಲ. ಪ್ರತಿ ಸೋಮವಾರ ಠಾಣೆಗೆ ಬಂದು, ಹಿಂದಿನ ವಾರವೆಲ್ಲ ಎಲ್ಲೆಲ್ಲಿದ್ದೆನೆಂದು ಹೇಳಿ ಹೋಗಬೇಕೆಂದು ಮಾತ್ರ ಅಪ್ಪಣೆಯಾಗಿತ್ತು.

ಏಪ್ರಿಲಿನ ಬೆಳೆಯ ಗೂಡು ಬಿಡಿಸಿದ ದಿನ ಅಮಾನುಲ್ಲಾ ಜಂಗಮಕೋಟೆಗೆ ಬಂದ. ಸೈಕಲ್ ಇತ್ತು, ಗೋಣಿಚೀಲ ಇರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಕೆಮ್ಮುತ್ತಿದ್ದ. ಅಂಗಳದ ಆಚೆಯೇ, ಬೀದಿಯಲ್ಲಿ ನಿಂತ.

"ಬಾರೋ ಒಳಗೆ. ಅಲ್ಯಾಕೆ ನಿಂತೆ?" ಎಂದಳು ಓಬಳಮ್ಮ.

"ಇಲ್ಲೇ ಇರ್ಲಿ ಅಕ್ಕಾ. ಇಲ್ಲಿ ನಾಲ್ಕು ಜನಕ್ಕೆ ಕಾಣುತ್ತೆ."

ಗೂಡನ್ನು ಮೊರದಲ್ಲಿ ತಂದು ತೋರಿಸಿದಳು. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದ. ಚೌಕಾಸಿ ಮಾಡಲಿಲ್ಲ. ಆಕೆ ಹೇಳಿದ್ದಕ್ಕೆ ತಲೆಯಾಡಿಸಿದ. ಹನ್ನೆರಡು ವರ್ಷಗಳಲ್ಲಿ ಅವನು ಚೌಕಾಸಿ ಮಾಡದ ಮೊದಲ ವ್ಯಾಪಾರ ಅದು. ಓಬಳಮ್ಮನಿಗೆ ಯಾವ ಬೈಗುಳವೂ ಅಷ್ಟು ನೋಯಿಸುತ್ತಿರಲಿಲ್ಲ.

"ಬಯ್ಯೋ ನನ್ನ" ಎಂದಳು. "ಬಾಯಿಗೆ ಬಂದಂಗೆ ಬಯ್ಯಿ."

"ಬೈದ್ರೆ ಏನಾಗುತ್ತೆ? ಜೈಲಲ್ಲಿ ಮೊದ್ಲು ಎರಡು ತಿಂಗಳು ಬೈದೆ. ನಿಮ್ಮನ್ನೇ. ಆಮೇಲೆ ಸಾಕಾಯ್ತು." ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದ. ಸ್ಕೂಲಿನ ಮಕ್ಕಳ ರೂಲು ಪುಸ್ತಕ, ಸೀಸದಕಡ್ಡಿ ದಾರದಲ್ಲಿ ಕಟ್ಟಿತ್ತು. "ಇದ್ರಲ್ಲಿ ರುಜು ಹಾಕಿ. ಅಮಾನುಲ್ಲಾ ಇವತ್ತು ಬೆಳಿಗ್ಗೆ ಒಂಬತ್ತೂಕಾಲಿಗೆ ಇಲ್ಲಿಗೆ ಬಂದಿದ್ದ ಅಂತ ನಾನೇ ಬರ್ದಿದ್ದೀನಿ. ನೀವು ಹೆಸರು ಹಾಕಿದ್ರೆ ಸಾಕು."

ಓಬಳಮ್ಮ ಪುಟ ತಿರುವಿದಳು. ಆಕೆಗೆ ಓದಲು ಬರುತ್ತಿರಲಿಲ್ಲ, ಆದರೆ ರುಜು ಯಾವುದೆಂದು ತಿಳಿಯುತ್ತಿತ್ತು. ಪ್ರತಿ ಪುಟದಲ್ಲೂ ರುಜುಗಳಿದ್ದವು, ಹೆಬ್ಬೆಟ್ಟಿನ ಗುರುತುಗಳಿದ್ದವು.

"ಎಲ್ಲ ಕಡೆನೂ ಹಾಕಿಸ್ತೀಯಾ?"

"ಎಲ್ಲ ಕಡೆ. ಕ್ಷೌರದಂಗಡಿ, ಮಸೀದಿ, ಡಾಕ್ಟ್ರು, ಬೀಗರ ಮನೆ. ಮೊನ್ನೆ ಮಗಳ ಮಾತುಕತೆಗೆ ಹೋಗಿದ್ದೆ, ಅಲ್ಲೂ ಕೇಳ್ದೆ. ಅವ್ರಿಗೆ ಬೇಜಾರಾಯ್ತು. ಸಂಬಂಧ ಬೇಡ ಅಂದ್ರು." ಇದನ್ನು ಅವನು ಹವೆಯ ವಿಷಯ ಹೇಳಿದ ಹಾಗೆ ಹೇಳಿದ.

ಓಬಳಮ್ಮ ಸೀಸದಕಡ್ಡಿ ಹಿಡಿದು ನಿಧಾನವಾಗಿ ಹೆಸರು ಬರೆದಳು. ಅಮಾನುಲ್ಲಾ ಪುಸ್ತಕವನ್ನು ತೆಗೆದುಕೊಳ್ಳಲಿಲ್ಲ.

"ಇನ್ನೊಬ್ರುದೂ ಬೇಕು ಅಕ್ಕಾ. ತಪ್ಪು ತಿಳ್ಕೋಬೇಡಿ. ನಿಮ್ಮದೊಂದೇ ಇದ್ರೆ ಆಗಲ್ಲ."

ಆಕೆ ತಪ್ಪು ತಿಳಿದುಕೊಳ್ಳಲಿಲ್ಲ. ಪುಸ್ತಕ ಹಿಡಿದು ಪಕ್ಕದ ಮನೆಗೆ ಹೋದಳು. ಚಿಕ್ಕವೆಂಕಟಮ್ಮ ಜಗುಲಿಯ ಮೇಲೆ ಕೂತು ಸೊಪ್ಪು ಹೆಚ್ಚುತ್ತಿದ್ದಳು. ಬೀದಿಯಲ್ಲಿ ನಿಂತಿದ್ದ ಅಮಾನುಲ್ಲಾನನ್ನು ಆಗಲೇ ನೋಡಿದ್ದಳು.

"ಹೆಬ್ಬೆಟ್ಟು ಒತ್ತೇ ಚಿಕ್ಕೆಂಕಟಮ್ಮ. ಅವನು ಬಂದವ್ನೆ ಅಂತ. ಅಷ್ಟೇ."

"ಬಂದಿರೋದು ಕಾಣ್ತೈತಲ್ಲ, ಒತ್ತುತೀನಿ" ಎಂದು ಚಿಕ್ಕವೆಂಕಟಮ್ಮ ಮಸಿಗಾಗಿ ಒಳಗೆ ಹೋಗಿ ಒಲೆಯ ಹಂಚಿಗೆ ಬೆರಳು ಉಜ್ಜಿ ಬಂದಳು. ಪುಟದ ಮೇಲೆ ಒತ್ತಿದಳು. ಒತ್ತಿದ ಬೆರಳನ್ನು ತೆಗೆಯದೆ, ತಲೆ ಎತ್ತದೆ ಹೇಳಿದಳು:

"ಆವತ್ತೂ ನೋಡಿದ್ದೆ ಕಣಕ್ಕ. ನಿನ್ನ ಹಿತ್ತಲ ಬಾಗಿಲಿಂದ ಹೋಗಿದ್ದು. ನಾನು ಕಸ ಹಾಕೋಕೆ ಬಂದಿದ್ದೆ."

ಓಬಳಮ್ಮ ಪುಸ್ತಕವನ್ನು ಎಳೆದುಕೊಂಡಳು.

"ಪಟೇಲನ ಜಗುಲಿ ಮೇಲೆ ಅಷ್ಟು ಕೇಳ್ಕೊಂಡ್ನಲ್ಲೇ."

"ಕೇಳ್ಕೊಂಡೆ. ಆಗ ನಮ್ಮ ಹುಳು ಎರಡನೇ ಜ್ವರಕ್ಕೆ ಕೂತಿದ್ವು, ಪೊರೆ ಬಿಡೋ ಹೊತ್ತು. ನೋಡ್ದೆ ಅಂದ್ರೆ ನಮ್ಮ ಹುಳಕ್ಕೇನಾಗುತ್ತೋ ಅಂತ ಹೆದ್ರಿಕೆ. ಆಮೇಲೆ ಜೀಪಿನ ಹೆದ್ರಿಕೆ. ಆಮೇಲೆ ಹೇಳ್ದೆ ಇದ್ದಿದ್ದಕ್ಕೇ ಹೆದ್ರಿಕೆ." ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಈಗ ಹೇಳಿದ್ರೆ ಏನಾದ್ರೂ ಆಗುತ್ತಾ ಅಕ್ಕಾ? ಚಿಕ್ಕಬಳ್ಳಾಪುರಕ್ಕೆ ಬರ್ಲಾ?"

ಬೀದಿಯಿಂದ ಅಮಾನುಲ್ಲಾ ಕೂಗಿದ. ಮಧ್ಯಾಹ್ನದೊಳಗೆ ಶಿಡ್ಲಘಟ್ಟದಲ್ಲಿರಬೇಕು, ದಾರಿಯಲ್ಲಿ ಇನ್ನೂ ಎರಡು ಕಡೆ ರುಜು ಆಗಬೇಕು ಎಂದ. ಓಬಳಮ್ಮ ಬೀದಿಗೆ ಇಳಿದು ಪುಸ್ತಕವನ್ನು ಅವನ ಕೈಗೆ ಕೊಟ್ಟಳು. ಅವನು ಮಸಿ ಒಣಗಿದೆಯೇ ಎಂದು ಊದಿ ನೋಡಿ, ಮಡಚಿ ಜೇಬಿಗಿಟ್ಟುಕೊಂಡ. ಓಬಳಮ್ಮ ತಿರುಗಿ ಬಂದು ಚಿಕ್ಕವೆಂಕಟಮ್ಮನ ಪಕ್ಕದಲ್ಲಿ ಜಗುಲಿಯ ಮೇಲೆ ಕುಳಿತಳು.

"ನಾಳೆ ಮೊದಲ್ನೇ ಬಸ್ಸಿಗೆ ಹೋಗಣ" ಎಂದಳು. "ಏನೂ ಆಗಲ್ಲ. ಆ ಅಧಿಕಾರಿಗೂ ವರ್ಗ ಆಗೈತಂತೆ. ಆದ್ರೂ ಹೋಗಿ ಬರ್ಸಿ ಬರಣ."